ಕನ್ನಡಕದ ಕಾರಕೂನ, ಭಾಗ ಎರಡು

ಇಳಕಲ್ಲ, ೨ ಮಾರ್ಚ್ ೧೯೮೩

ಪ್ರಿಯ ಶಾಬುದ್ದೀನನಿಗೆ ಅಂದಾನಪ್ಪನ ನಮಸ್ಕಾರ.

ನಿನ್ನ ಕಾರ್ಡು ಸೋಮವಾರ ಕೈಸೇರಿತು. ಪೋಸ್ಟಮನ್ ಅದನ್ನು ಪೂರ್ತಿ ಓದಿಯೇ ಕೊಟ್ಟ. ‘ಏನ್ರಿ ಅಂದಾನೆಪ್ಪನವರ, ಮತ್ತ ಬಾದಾಮ್ಯಾಗ ಮೈಕ್ ಹಿಡಿತೀರಂತಲ್ಲ’ ಎಂದು ನಕ್ಕ. ಇಂಥವನ್ನು ಕಾರ್ಡಿನ ಮೇಲೆ ಬರೆಯಬಾರದು. ಪ್ರೈವೇಟ್ ಮ್ಯಾಟರ್ ಈಸ್ ಪ್ರೈವೇಟ್ ಮ್ಯಾಟರ್. ಇನ್ನು ಮೇಲೆ ಲಕೋಟೆ ಬಳಸು.

ವಿಷಯಕ್ಕೆ ಬರುತ್ತೇನೆ. ‘ನಂಬರಿನ ಊರು’ ಎಂಬ ಆ ಇಂಗ್ಲಿಷ್ ಸಿನೆಮಾದ ಎರಡನೆಯ ಭಾಗ ಬಂದಿದೆ, ಹುಬ್ಬಳ್ಳಿಯವರು ಪ್ರಿಂಟು ಕೊಡಲು ಒಪ್ಪಿದ್ದಾರೆ, ಏಪ್ರಿಲ್ ಇಪ್ಪತ್ತೆರಡರಿಂದ ನಿನ್ನ ಟೂರಿಂಗ್ ಟಾಕೀಸಿನಲ್ಲಿ ಹಾಕುತ್ತೀ, ಮೊದಲ ಭಾಗಕ್ಕೆ ಮಾಡಿದಂತೆ ನಾನು ಪರದೆಯ ಪಕ್ಕ ಕುಳಿತು ಮೈಕಿನಲ್ಲಿ ಜನರಿಗೆ ಕನ್ನಡದಲ್ಲಿ ಕಥೆ ಹೇಳಬೇಕು. ಇಷ್ಟೇ ತಾನೆ? ಆಗುವುದಿಲ್ಲ ದೋಸ್ತಾ. ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತದೆ. ಮೇಲಾಗಿ ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ನಾಲ್ಕು ಮಗ್ಗ. ದಿನವಿಡೀ ಅವುಗಳ ಮೇಲೆ ಧ್ವನಿ ಏರಿಸಿ ಮಾತಾಡಿ ಗಂಟಲು ಹೋಗಿದೆ. ಯಾರ ಜೊತೆ ಮಾತಾಡುತ್ತೀ ಎಂದು ಕೇಳಬೇಡ. ಮನೆಯಾಕೆ ಶಿವಲಿಂಗವ್ವ ತೀರಿಹೋದ ಮೇಲೆ ನಾನೇ ಕೇಳಿ ನಾನೇ ಉತ್ತರ ಹೇಳುವ ಚಟ.

ಎಪ್ಪತ್ತೊಂಬತ್ತರ ಬೇಸಿಗೆ ನಿನಗೆ ನೆನಪಿರಬೇಕು. ಮುಂದೆ ಎಂದೋ ಬರುವ ಕಾಲದ ಕಥೆ ಅದು. ಸುತ್ತ ಗೋಡೆ ಕಟ್ಟಿದ ಊರು. ಜನರಿಗೆ ಹೆಸರಿಲ್ಲ, ತೋಳಿನ ಮೇಲೆ ನಂಬರು. ಕುಡಿಯುವ ನೀರೂ ನಂಬರಿನ ಪ್ರಕಾರ. ವಾರಕ್ಕೊಮ್ಮೆ ಪಟ್ಟಿ ಓದುತ್ತಾರೆ. ಪಟ್ಟಿಯಲ್ಲಿದ್ದವರನ್ನು ಬಿಳಿ ಮೋಟಾರಿನಲ್ಲಿ ತುಂಬಿ ಒಯ್ಯುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಆ ಪಟ್ಟಿ ಬರೆಯುವವನು ಗಾಜಿನ ಹಿಂದೆ ಕುಳಿತ ಒಬ್ಬ ಕನ್ನಡಕದ ಕಾರಕೂನ. ಹೀರೋ ಬಂದು ಬಡಿದಾಡಿ ಕೊನೆಗೆ ಗೋಡೆ ಒಡೆಯುತ್ತಾನೆ.

ಟು ಬಿ ಫ್ರ್ಯಾಂಕ್, ಇಷ್ಟು ದಿನ ಹೇಳದ ಒಂದು ಮಾತು ಹೇಳುತ್ತೇನೆ. ಕೊನೆಯಲ್ಲಿ ಆ ಕಾರಕೂನ ಹಿಂದಿನ ಬಾಗಿಲು ತೆರೆದು ಓಡುತ್ತಾನಲ್ಲ, ತನ್ನ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ಹೀರೋ ಅದೇ ಬಾಗಿಲಿನಿಂದ ಒಳಗೆ ಬಂದದ್ದು ಯೋಗಾಯೋಗ. ನಾನು ಮೈಕಿನಲ್ಲಿ ಹೇಳಿದ್ದೇ ಬೇರೆ. ‘ನೋಡ್ರಿ, ಈ ಕಾರಕೂನ ನಮ್ಮವ. ಯಾರಿಗೂ ತಿಳೀಲಾರ್ದಂಗ ಪಟ್ಟಿಯೊಳಗಿಂದ ಬಡವರ ನಂಬರ್ ಅಳಸ್ತಾನ. ಹೀರೋಗ ಬಾಗಲಾ ತಗದವನೂ ಇವನ’ ಎಂದೆ. ಸಿನೆಮಾದಲ್ಲಿ ಅಂಥದ್ದೇನೂ ಇರಲಿಲ್ಲ. ಟೆಂಟು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಮರುದಿನ ಬಾದಾಮಿಯ ಹುಡುಗರು ಹೀರೋ ಆಗಲು ಒಲ್ಲೆವೆಂದು, ಕಾರಕೂನನಾಗಲು ಜಗಳವಾಡಿದರು.

ಎರಡನೆಯ ಭಾಗ ಆ ಕಾರಕೂನನ ಮೇಲೆಯೇ ಇದೆಯೆಂದು ಪೇಪರಿನಲ್ಲಿ ಓದಿದೆ. ನಾನು ಹೇಳಿದ್ದು ಸುಳ್ಳೆಂದು ಎಲ್ಲರ ಎದುರು ಬಯಲಾಗುತ್ತದೆ. ಬೇರೆ ಯಾರನ್ನಾದರೂ ನೋಡು.

ಗೇಟಿನ ಮೇಲೆ ಇನ್ನೂ ಶಿರೂರಿನ ಬೀರಲಿಂಗಪ್ಪನೇ ಇದ್ದಾನೇನು? ಸುಮ್ಮನೆ ಕೇಳಿದೆ.

ನಿನ್ನವನೇ,
ಅಂದಾನಪ್ಪ


ಬಾದಾಮಿ, ೯ ಮಾರ್ಚ್ ೧೯೮೩

ಲೇ ಅಂದಾನಿ, ಸಲಾಮು.

ಲಕೋಟೆಯಲ್ಲೇ ಬರೆಯುತ್ತಿದ್ದೇನೆ. ಇನ್ನಾದರೂ ಸಮಾಧಾನವಾಯಿತೇ?

ನಿನಗೆ ಇಂಗ್ಲಿಷ್ ಅರ್ಧವೂ ತಿಳಿಯುವುದಿಲ್ಲವೆಂದು ನನಗೆ ಗೊತ್ತಿಲ್ಲವೇನೋ? ಬಾಗಲಕೋಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಇಂಗ್ಲಿಷ್ ಪೇಪರಿನಲ್ಲಿ ಕೂಡಿಯೇ ನಪಾಸಾದವರು ನಾವು. ನಾನು ಅಪ್ಪನ ಟೆಂಟಿಗೆ ಬಂದೆ, ನೀನು ಕಚೇರಿಗೆ ಹೋದೆ. ನಮ್ಮ ಮಂದಿಗೆ ಬೇಕಾದದ್ದು ನಿನ್ನ ಇಂಗ್ಲಿಷ್ ಅಲ್ಲ, ನಿನ್ನ ಬಾಯಿ. ಮೊದಲ ಭಾಗ ಹನ್ನೊಂದು ದಿನ ಓಡಿತು. ಅದಕ್ಕೆ ಹೀರೋ ಕಾರಣನೇ? ಕಥೆ ತಪ್ಪಿದ್ದರೆ ಈಗ ಮತ್ತೊಂದು ಕಥೆ ಹೇಳು. ‘ಇವ ಆ ಕಾರಕೂನ ಅಲ್ರಿ, ಅವನ ತಮ್ಮ’ ಅಂದುಬಿಡು. ಯಾರು ಕೇಳುತ್ತಾರೆ?

ಬೀರಲಿಂಗಪ್ಪ ಇಲ್ಲದೆ ನನ್ನ ಗೇಟು ನಡೆಯುವುದೆಲ್ಲಿಂದ? ಎರಡನೆಯ ಭಾಗ ಬರುತ್ತದೆಂದು ಕೇಳಿದಾಗಿನಿಂದ ನಿನ್ನ ದಾರಿ ನೋಡುತ್ತಿದ್ದಾನೆ. ಅವನ ಸಂಗತಿ ನಿನಗೆ ಪೂರ್ತಿ ಹೇಳಿಲ್ಲವೆಂದು ತೋರುತ್ತದೆ. ಎಪ್ಪತ್ತಾರರಲ್ಲಿ, ಎಮರ್ಜೆನ್ಸಿಯೊಳಗೆ, ಅವನಿಗೆ ಕುಟುಂಬ ಯೋಜನೆಯ ಆಪರೇಶನ್ ಮಾಡಿಸಿದರು. ಇಪ್ಪತ್ತೆರಡು ವರ್ಷದ ಹುಡುಗ, ಲಗ್ನವೇ ಆಗಿರಲಿಲ್ಲ. ತಾಯಿಯ ತವರಿನ ಹೊಲದ ಪಹಣಿ ಉತಾರ ಬೇಕೆಂದು ಕಚೇರಿಗೆ ಹೋದವನಿಗೆ ಕಿಟಕಿಯಲ್ಲಿದ್ದ ಯಾರೋ ಕಾರಕೂನ ‘ಜೀಪ್ ಹತ್ತು, ಅಲ್ಲೇ ಸಹಿ ಆಗತೈತಿ’ ಎಂದನಂತೆ. ಓದು ಬಾರದ ಹುಡುಗ, ಹತ್ತಿದ. ನಾಚಿಕೆಗೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಲಗ್ನ ಗೊತ್ತಾದ ಮೇಲೆ ಹೆಣ್ಣಿನವರಿಗೆ ಸುದ್ದಿ ಸಿಕ್ಕಿ ಲಗ್ನ ಮುರಿಯಿತು. ಅವನ ತಾಯಿ ಮಾಯವ್ವ, ಸರಕಾರ ಕೊಡುವ ರೊಕ್ಕಕ್ಕೂ ತುಪ್ಪದ ಡಬ್ಬಿಗೂ ಆಸೆಪಟ್ಟು ಮಗ ತಾನಾಗಿಯೇ ಹೋದನೆಂದು ನಂಬಿದ್ದಾಳೆ. ಕಾಗದದಲ್ಲಿ ಅವನದೇ ಹೆಬ್ಬೆಟ್ಟಿದೆ. ತಡವಾಗಿ ಅವನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಆರು ವರ್ಷವಾಯಿತು, ಆಕೆ ಮಗನ ಜೊತೆ ಮಾತಿಲ್ಲ. ಅಮಾವಾಸ್ಯೆಗೊಮ್ಮೆ ಶಿರೂರಿಗೆ ಹೋಗಿ, ಮನೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತು ಬರುತ್ತಾನೆ. ಒಳಗೆ ಕರೆಯುವುದಿಲ್ಲ.

ಅಂಥವನು ಮೊನ್ನೆ ಏನಂದ ಗೊತ್ತೇ? ‘ಯಜಮಾನ್ರ, ಕಾರಕೂನ ಒಳಗಿಂದೊಳಗ ಮಂದಿನ್ನ ಉಳಸ್ತಿದ್ದ ಅಂತ ಅಂದಾನೆಪ್ಪ ಕಾಕಾ ಹೇಳಿದ್ರಲ್ಲ. ನನ್ನ ಹೆಸರ ಬರದವನೂ ಹತ್ತು ಮಂದಿನ್ನ ಉಳಿಸಿ, ಆಗಲಾರ್ದಕ್ಕ ನನ್ನ ಒಬ್ಬನ್ನ ಬರದಿರಬೇಕ್ರಿ. ಅಂಥಾವನ ಮ್ಯಾಲ ಏನ್ ಸಿಟ್ಟು ಮಾಡೂದು ಬಿಡ್ರಿ.’

ನೋಡು, ನಿನ್ನ ಸುಳ್ಳು ಎಂಥ ಪುಣ್ಯದ ಕೆಲಸ ಮಾಡಿದೆ! ಸುಮ್ಮನೆ ಬಾ.

ಶಾಬುದ್ದೀನ


ಇಳಕಲ್ಲ, ೨೮ ಮಾರ್ಚ್ ೧೯೮೩

ಪ್ರಿಯ ಶಾಬುದ್ದೀನ,

ಉತ್ತರ ತಡವಾಯಿತು. ಮೂರು ಪತ್ರ ಬರೆದು ಹರಿದೆ. ಪೆನ್ನಿನ ತಪ್ಪಲ್ಲ, ಪೆನ್ನು ಹೊಸದು.

ಮೊನ್ನೆ ಶನಿವಾರ ಬಾಗಲಕೋಟೆಗೆ ಹೋಗಿದ್ದೆ. ಹಲ್ಲಿನ ನೆಪ. ಹಲ್ಲಿನ ಡಾಕ್ಟರರ ಬಾಗಿಲವರೆಗೂ ಹೋಗಿ, ಅಲ್ಲಿಂದ ನೇರ ಮ್ಯಾಟಿನಿಗೆ ಹೋದೆ. ಅಲ್ಲಿ ‘ನಂಬರಿನ ಊರು, ಭಾಗ ಎರಡು’ ನಡೆದಿತ್ತು. ಹೋಗುವಾಗ ಬಸ್ಸು ಹುನಗುಂದ ದಾಟಿತು, ಕಮತಗಿ ದಾಟಿತು. ಶಿರೂರಿನಲ್ಲಿ ನಿಂತಾಗ ನಾನು ಟವೆಲನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಬಂದವರ ಹಾಗೆ ಕುಳಿತೆ. ಯಾಕೆಂದು ಕೇಳಬೇಡ. ನೋ ಕ್ವೆಶ್ಚನ್, ನೋ ಆನ್ಸರ್.

ಥಿಯೇಟರಿನಲ್ಲಿ ಬಹಳವೆಂದರೆ ಮೂವತ್ತು ಜನ. ಕಥೆ ಕೇಳು. ಗೋಡೆ ಒಡೆದು ಎಷ್ಟೋ ವರ್ಷವಾಗಿದೆ. ಸಮುದ್ರ ಒಣಗಿ ಉಪ್ಪಿನ ಬಯಲಾಗಿದೆ. ಜನ ಹಳೆಯ ಹಡಗುಗಳ ಹೊಟ್ಟೆಯೊಳಗೆ ಸಂಸಾರ ಮಾಡುತ್ತಾರೆ. ಹೀರೋನ ಒಂದು ಕೈ ಕಬ್ಬಿಣದ್ದು. ಅವನು ಬಿಳಿ ಮೋಟಾರಿನವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೊಡೆಯುತ್ತಾನೆ. ಇಂಟರ್ವಲ್‌ವರೆಗೆ ಬರೀ ಬೆಂಕಿ, ಗುಂಡು, ಹಾರುವ ಯಂತ್ರ. ಮಂದಿ ಖುಷಿಯಾಗಿದ್ದರು. ಆಮೇಲೆ ಒಂದು ಹಡಗಿನಲ್ಲಿ ಹೀರೋಗೆ ನಮ್ಮ ಕಾರಕೂನ ಸಿಗುತ್ತಾನೆ. ಮುದುಕನಾಗಿದ್ದಾನೆ, ಬೇರೆ ಹೆಸರಿಟ್ಟುಕೊಂಡು ಮಕ್ಕಳಿಗೆ ಓದು ಕಲಿಸುತ್ತಾನೆ. ಎಲ್ಲರಿಗೂ ಅವನೆಂದರೆ ಪ್ರೀತಿ. ಹೀರೋ ಅವನನ್ನು ಗುರುತಿಸುತ್ತಾನೆ. ಅಲ್ಲಿಂದ ಮುಂದೆ ಒಂದೇ ಒಂದು ಹೊಡೆದಾಟವಿಲ್ಲ. ಹಡಗಿನವರೆಲ್ಲ ಕೂಡುತ್ತಾರೆ. ಒಬ್ಬೊಬ್ಬರೇ ಬಂದು ತಮ್ಮ ಅಪ್ಪನ ನಂಬರು, ತಂಗಿಯ ನಂಬರು ಹೇಳುತ್ತಾರೆ. ಒಬ್ಬ ಹೆಣ್ಣುಮಗಳು ಎದ್ದು, ಯಾಕೆ ಬರೆದೆ ಎಂದು ಕಾರಕೂನನನ್ನು ಕೇಳುತ್ತಾಳೆ. ಅವನು, ‘ಐ ಓನ್ಲಿ ರೋಟ್’ ಎನ್ನುತ್ತಾನೆ. ನಾನು ಬರೆದೆ ಅಷ್ಟೇ, ಒಯ್ದವರು ಬೇರೆ. ಇಡೀ ಸಿನೆಮಾದಲ್ಲಿ ಒಂದು ಅಕ್ಷರವೂ ಬಿಡದೆ ನನಗೆ ತಿಳಿದ ಇಂಗ್ಲಿಷ್ ಅದೊಂದೇ.

ಮಂದಿಗೆ ಸೇರಲಿಲ್ಲ. ‘ಫೈಟ್ ಹಚ್ಚಲೇ!’ ಎಂದು ಹಿಂದಿನಿಂದ ಕೂಗು. ‘ಏ, ಇದೇನ್ ಪಂಚಾಯ್ತಿ ಕಟ್ಟಿಲೇ, ಸಿನೆಮಾ ತೋರಸ್ರಿ’ ಎಂದು ಇನ್ನೊಬ್ಬ. ಶೇಂಗಾ ಸಿಪ್ಪೆ ಪರದೆಗೆ ಎಸೆದರು. ಅರ್ಧ ಜನ ಎದ್ದು ಹೋದರು. ಪಕ್ಕದವನು ನನ್ನ ಮೊಣಕೈ ತಿವಿದು, ‘ಯಜಮಾನ್ರ, ಆ ಮುದಕ ಯಾಕ ಅಳ್ತಾನ್ರಿ?’ ಎಂದ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದೆ. ಜೀವಮಾನದಲ್ಲಿ ಮೊದಲ ಸಲ ಹಾಗೆಂದೆ.

ಕೊನೆಗೆ ಅವನನ್ನು ಕೊಲ್ಲುವುದಿಲ್ಲ, ಉಪ್ಪಿನ ಬಯಲಿಗೆ ಅಟ್ಟುತ್ತಾರೆ.

ಆದಕಾರಣ ನನ್ನ ಅಡ್ವೈಸ್ ಏನೆಂದರೆ, ಪ್ರಿಂಟು ತಿರುಗಿ ಕಳಿಸು. ಪೇಪರಿನವರೂ ಮೊದಲ ಭಾಗದ ಕಾಲ ಧೂಳಿಗೂ ಸಮವಲ್ಲ ಎಂದು ಬರೆದಿದ್ದಾರೆ. ಬಾದಾಮಿಯಲ್ಲಿ ಎರಡು ದಿನವೂ ಓಡುವುದಿಲ್ಲ. ಹಳೆಯ ಪೌರಾಣಿಕ ಯಾವುದಾದರೂ ಹಾಕು.

ಬೀರಲಿಂಗಪ್ಪನಿಗೆ ಕಾರಕೂನನ ಬಗ್ಗೆ ಈಗಲೇ ಏನೂ ಹೇಳಬೇಡ.

ಅಂದಾನಪ್ಪ


ಬಾದಾಮಿ, ೩ ಏಪ್ರಿಲ್ ೧೯೮೩

ಅಂದಾನಿ,

ಪ್ರಿಂಟು ಈಗ ತಿರುಗಿ ಹೋಗುವುದಿಲ್ಲ. ಸುತ್ತಲ ಹಳ್ಳಿಗಳಲ್ಲಿ ಚಕ್ಕಡಿಗೆ ಮೈಕು ಕಟ್ಟಿ ಸಾರಿಸಿದ್ದೇನೆ. ‘ಅದೇ ಕಾರಕೂನ, ಅದೇ ಅಂದಾನಪ್ಪ ಮಾಸ್ತರರ ಬಾಯಿ’ ಎಂದು ಬೋರ್ಡೂ ಬರೆಸಿದ್ದೇನೆ. ಮೈಕು ಹಿಡಿದಾಗಿನಿಂದ ಮಂದಿಗೆ ನೀನು ಮಾಸ್ತರನೇ. ಬೀರಲಿಂಗಪ್ಪ ಹೆಗಲ ಮೇಲೆ ಹೊತ್ತು ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿ ಬಂದ.

ನಿನ್ನ ಮನಸ್ಸು ನನಗೆ ತಿಳಿಯಿತು ದೋಸ್ತ. ಬಾಗಲಕೋಟೆಗೆ ಹೋದಾಗಲೆಲ್ಲ ನಿನಗೆ ಶಿವಲಿಂಗವ್ವ ವೈನಿಯ ದವಾಖಾನೆ ನೆನಪಾಗುತ್ತದೆ. ಅದಕ್ಕೇ ಸಿನೆಮಾ ಅಳುವಿನದಾಗಿ ಕಂಡಿದೆ. ವೈನಿ ಇದ್ದಿದ್ದರೆ ‘ಹೋಗ್ರಿ, ನಾಕ ಮಂದ್ಯಾಗ ಮಾತಾಡಿ ಬರ್ರಿ’ ಎನ್ನುತ್ತಿದ್ದರು. ಅವರ ಸಲುವಾಗಿ ಬಾ.

ಶಾಬುದ್ದೀನ


ಇಳಕಲ್ಲ, ೧೧ ಏಪ್ರಿಲ್ ೧೯೮೩

ಶಾಬುದ್ದೀನ,

ಬರುತ್ತೇನೆ. ಇಪ್ಪತ್ತೆರಡರ ಮಧ್ಯಾಹ್ನದ ಬಸ್ಸಿಗೆ. ಒಂದೇ ಒಂದು ಕಂಡೀಶನ್. ಆ ದಿನ ಬೀರಲಿಂಗಪ್ಪನಿಗೆ ರಜೆ ಕೊಟ್ಟು ಎಲ್ಲಾದರೂ ಕಳಿಸು. ಕಾರಣ ಎದುರಿಗೆ ಹೇಳುತ್ತೇನೆ, ಅಥವಾ ಹೇಳುವುದಿಲ್ಲ.

ಅಂದಾನಪ್ಪ


ಬಾದಾಮಿ, ೨೫ ಏಪ್ರಿಲ್ ೧೯೮೩

ಲೇ ಅಂದಾನಿ,

ಏನು ಮನುಷ್ಯನೋ ನೀನು! ಬೆಳಗಾಗೆದ್ದು ಚಹಾ ಹಿಡಿದು ಬಂದರೆ ಹಾಸಿಗೆ ಖಾಲಿ. ಮೊದಲ ಬಸ್ಸಿಗೆ ಓಡಿದನೆಂದು ಹೋಟೆಲಿನವ ಹೇಳಿದ. ಒಂದು ಮಾತು ಹೇಳಿ ಹೋಗಬಾರದೇ?

ಬಾಗಲಕೋಟೆಯಲ್ಲಿ ಸಿಪ್ಪೆ ತಿಂದ ಸಿನೆಮಾ ನನ್ನ ಟೆಂಟಿನಲ್ಲಿ ಮೂರು ದಿನದಿಂದ ತುಂಬಿ ನಡೆದಿದೆ. ಅದೆಲ್ಲ ಮೊದಲ ದಿನದ ನಿನ್ನ ಮಾತಿನ ಪ್ರಭಾವ. ಮೊದಲ ಅರ್ಧ ನೀನು ಏನೋ ಗೊಣಗುತ್ತಿದ್ದೆ, ‘ಮಾಸ್ತರರ, ಗಟ್ಟಿಗಿ ಹೇಳ್ರಿ’ ಎಂದು ಮಂದಿ ಕೂಗುತ್ತಿದ್ದರು. ಇವನ ಕಥೆ ಮುಗಿಯಿತು ಎಂದುಕೊಂಡೆ. ಆಮೇಲೆ ಪರದೆಯ ಮೇಲೆ ಆ ಹೆಣ್ಣುಮಗಳು ಎದ್ದು ಕೇಳಿದಳಲ್ಲ, ಆಗ ನೀನು ಎದ್ದು ನಿಂತೆ. ‘ಅವ ಅಂದ’ ಎನ್ನುವುದನ್ನು ಬಿಟ್ಟು ‘ನಾ’ ಎಂದೆ.

‘ನಾ ಬರದೇನವ್ವಾ. ಹೇಣ್ತಿ ದವಾಖಾನ್ಯಾಗಿದ್ಲು. ಕೇಸ್ ತರದಿದ್ರ ಪಗಾರ ಇಲ್ಲ ಅಂದ್ರು. ಕಿಟಕ್ಯಾಗ ಒಬ್ಬ ಹುಡುಗ ನಿಂತಿದ್ದ, ಬರದೆ. ಅವನ ವಯಸ್ಸು ಹೆಚ್ಚು ಮಾಡ್ದೆ. ಇಲ್ಲದ ಮಕ್ಕಳನ್ನ ಬರದೆ. ನಾ ಯಾರ್ನೂ ಉಳಸ್ಲಿಲ್ಲ. ಒಬ್ಬರನ್ನೂ ಉಳಸ್ಲಿಲ್ಲ. ಹ್ವಾದ ಸಲ ಈ ಮೈಕಿನ್ಯಾಗ ಹೇಳಿದ್ದು ಸುಳ್ಳ.’

ಹಿಂದೆ ಕುಳಿತವರೆಲ್ಲ ಎದ್ದು ನಿಂತರು. ಆಮೇಲೆ ಎಂಥ ಚಪ್ಪಾಳೆ! ಸೀಟಿ! ಹೆಣ್ಣುಮಕ್ಕಳ ಕಡೆಯಿಂದ ಮೂಗು ಸೀಟುವ ಸಪ್ಪಳ ನಾನೇ ಕೇಳಿದೆ. ನಾನು ಪತ್ರದಲ್ಲಿ ಬರೆದ ಬೀರಲಿಂಗಪ್ಪನ ಸಂಗತಿಯನ್ನೇ ತಂದು ಇಂಗ್ಲಿಷ್ ಕಾರಕೂನನ ಬಾಯಲ್ಲಿ ಇಟ್ಟುಬಿಟ್ಟೆ, ಶಾಣ್ಯಾ! ಆ ಹೆಂಡತಿಯನ್ನು ಎಲ್ಲಿಂದ ತಂದೆಯೋ, ಪರದೆಯಲ್ಲಂತೂ ನನಗೆ ಕಾಣಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಬಾ. ಹಾಗೆಯೇ, ಅಕ್ಷರ ತಪ್ಪದೆ ಹೇಳಬೇಕು.

ಒಂದು ಬೇಸರದ ಮಾತು. ಬೀರಲಿಂಗಪ್ಪ ನಾನು ಕೊಟ್ಟ ರಜೆ ತೆಗೆದುಕೊಳ್ಳಲಿಲ್ಲ. ‘ಕಾಕಾ ಬರೂ ದಿನಾನ ನಾ ಎಲ್ಲಿ ಹೋಗ್ಲಿ’ ಎಂದು ಪರದೆಯ ಮುಂದೆ ಉಸುಕಿನಲ್ಲೇ ಕುಳಿತು ನೋಡಿದ. ಅವನಿಗೆ ನೋವಾಗಿರಬೇಕು, ತನ್ನ ಸಂಗತಿಯನ್ನು ಎಲ್ಲರೆದುರು ಆಡಿದರೆಂದು. ಮುಗಿದ ಮೇಲೆ ಬಂದು, ‘ಯಜಮಾನ್ರ, ಕಾಕಾ ಮದಲ ಯಾವ ಕಚೇರ್ಯಾಗಿದ್ರು?’ ಎಂದು ಕೇಳಿದ. ‘ಹುನಗುಂದದಾಗ ಕಿಟಕ್ಯಾಗ ಕೂತು ಕಾಗದಾ ಕೊಡ್ತಿದ್ದಪಾ, ಭಾಳ ಶಿಸ್ತಿನ ಮನಶ್ಯಾ’ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಗೇಟಿನ ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟು ಹೋದವನು ಇನ್ನೂ ಬಂದಿಲ್ಲ. ನೀನೇ ಒಂದು ಸಮಾಧಾನದ ಮಾತು ಬರೆದು ಕಳಿಸು.

ಶಾಬುದ್ದೀನ


ಇಳಕಲ್ಲ, ೨೯ ಏಪ್ರಿಲ್ ೧೯೮೩

ಶಾಬುದ್ದೀನ,

ಈ ಪತ್ರವನ್ನು ನೀನು ಓದಿ, ಬೀರಲಿಂಗಪ್ಪನನ್ನು ಹುಡುಕಿ ಅವನಿಗೂ ಓದಿ ಹೇಳಬೇಕು. ಅವನಿಗೆ ಆಗಲೇ ಗೊತ್ತಾಗಿದೆ. ಗೊತ್ತಾಗದವನು ನೀನೊಬ್ಬನೇ.

ನಾನು ನಿನ್ನ ಪತ್ರದಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ನನಗೆ ಅದರ ಅಗತ್ಯವಿರಲಿಲ್ಲ. ಅವನನ್ನು ಬರೆದವನು ನಾನೇ.

ಎಪ್ಪತ್ತಾರರ ಸಪ್ಟೆಂಬರು. ನೌಕರರೆಲ್ಲ ಆಪರೇಶನ್ನಿಗೆ ಎರಡೆರಡು ಕೇಸು ತರಬೇಕೆಂದು ಹುಕುಮು. ತರದಿದ್ದರೆ ಪಗಾರ ನಿಲ್ಲುತ್ತದೆ, ದೂರದ ಊರಿಗೆ ಬದಲಿಯೂ ಆಗುತ್ತದೆ. ಒಂದು ಕೇಸು ಸಿಕ್ಕಿತ್ತು, ಐದು ಮಕ್ಕಳ ತಂದೆ, ತಾನಾಗಿಯೇ ಬಂದವನು. ಇನ್ನೊಂದು ಸಿಕ್ಕಿರಲಿಲ್ಲ. ಶಿವಲಿಂಗವ್ವ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು, ಪುಪ್ಪುಸದ ರೋಗ. ಅದನ್ನು ಸಬೂಬೆಂದು ಬರೆಯುತ್ತಿಲ್ಲ. ಬರೆಯುತ್ತಿಲ್ಲ ಎನ್ನುತ್ತಲೇ ಬರೆದೆ, ನೋಡು. ಐ ಆ್ಯಮ್ ದಟ್ ಟೈಪ್.

ಒಬ್ಬ ಹುಡುಗ ತಾಯಿಯ ಹೊಲದ ಉತಾರಕ್ಕಾಗಿ ಎರಡು ದಿನದಿಂದ ಬಂದು ಹೋಗುತ್ತಿದ್ದ. ಉತಾರ ತಯಾರಿತ್ತು. ನನ್ನ ಮೇಜಿನ ಮೇಲೆಯೇ ಇತ್ತು. ಆದರೂ ಎರಡು ದಿನ ನಾಳೆ ಬಾ ಎಂದೆ. ಯಾಕೆ ಹಾಗೆಂದೆನೆಂದು ಮೊದಲ ದಿನ ನನಗೇ ತಿಳಿದಿರಲಿಲ್ಲ, ಎರಡನೆಯ ದಿನ ತಿಳಿದಿತ್ತು. ಮೂರನೆಯ ದಿನ ಫಾರ್ಮು ತುಂಬಿದೆ. ವಯಸ್ಸು ಮೂವತ್ನಾಲ್ಕು ಎಂದು ಬರೆದೆ. ಮಕ್ಕಳು ಎರಡು, ಒಂದು ಗಂಡು ಒಂದು ಹೆಣ್ಣು. ಹೆಬ್ಬೆಟ್ಟು ಇಲ್ಲಿ ಒತ್ತು ಎಂದೆ, ಒತ್ತಿದ. ಉತಾರಕ್ಕೆ ಸಹಿ ಬೇಕು, ಜೀಪು ಹತ್ತು ಎಂದೆ, ಹತ್ತಿದ. ಕಿಟಕಿಗೆ ಜಾಳಿಗೆ ಇತ್ತು, ಅವನಿಗೆ ನನ್ನ ಮುಖ ಸರಿಯಾಗಿ ಕಂಡಿರಲಿಕ್ಕಿಲ್ಲ. ನನಗೆ ಅವನ ಮುಖ ಪೂರ್ತಿ ಕಂಡಿತ್ತು.

ಎಂಟು ದಿನದ ಮೇಲೆ ಮತ್ತೆ ಬಂದ. ಕಾಲು ಅಗಲಿಸಿ ನಡೆಯುತ್ತಿದ್ದ. ಉತಾರ ಕೊಟ್ಟೆ. ‘ಉಪಕಾರ ಆತ್ರಿ ಸಾಹೇಬ್ರ’ ಎಂದ.

ಆ ತಿಂಗಳು ಪಗಾರ ಬಂತು. ಶಿವಲಿಂಗವ್ವ, ‘ಎಲ್ಲಾರ್ದೂ ನಿಂತೈತಂತ, ನಿಮಗ ಹೆಂಗ ಬಂತ್ರಿ?’ ಎಂದು ಕೇಳಿದಳು. ಸಾಹೇಬರು ಒಳ್ಳೆಯವರು ಎಂದೆ. ಅವರಿಗೆ ಒಳ್ಳೆಯದಾಗಲೆಂದು ಹಾಸಿಗೆಯಲ್ಲೇ ಕೈ ಮುಗಿದಳು. ಜನವರಿಯಲ್ಲಿ ತೀರಿಕೊಂಡಳು. ನಾನು ಕೆಲಸ ಬಿಟ್ಟೆ. ಅವಳ ದುಃಖಕ್ಕೆ ಬಿಟ್ಟನೆಂದು ನೀನೂ ತಿಳಿದೆ, ಊರೂ ತಿಳಿಯಿತು. ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದೆ.

ಎಪ್ಪತ್ತೊಂಬತ್ತರಲ್ಲಿ ನಿನ್ನ ಟೆಂಟಿಗೆ ಬಂದಾಗ ಗೇಟಿನಲ್ಲಿ ಅವನೇ ನಿಂತಿದ್ದ. ನನ್ನ ಚೀಲ ಇಸಿದುಕೊಂಡು ‘ಬರ್ರಿ ಕಾಕಾ’ ಎಂದ. ಅರ್ಧ ತಾಸಿನ ಮೇಲೆ ಮೈಕು ಹಿಡಿದೆ. ಕಾರಕೂನ ಒಳ್ಳೆಯವನಾದದ್ದು ಹಾಗೆ. ಇಂಗ್ಲಿಷ್ ಬಾರದ್ದಕ್ಕೆ ಮಾಡಿದ ತಪ್ಪಲ್ಲ ಅದು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ಈ ಸಲ ಖರೆ ಹೇಳಬೇಕೆಂದು ಬಂದೆ. ಆದರೆ ಪರದೆಯ ಪಕ್ಕದಲ್ಲಿ ಅಡಗಿ, ಬೇರೆಯವನ ಬಾಯಿಯಿಂದ ಹೇಳಿದೆ. ಮಂದಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದಾಗ ಒಂದು ಗಳಿಗೆ ಹಿತವೆನಿಸಿತು, ಶಾಬುದ್ದೀನ. ಆ ಹಿತಕ್ಕೆ ಹೆದರಿ ಓಡಿಬಂದೆ.

ಇನ್ನು ಯಾವ ಶುಕ್ರವಾರವೂ ನಾನು ಬರುವುದಿಲ್ಲ. ಬೀರಲಿಂಗಪ್ಪ ಏನು ಹೇಳುತ್ತಾನೋ ಅದನ್ನು ಬರೆದು ತಿಳಿಸು.

ಅಂದಾನಪ್ಪ


ಬಾದಾಮಿ, ೧೨ ಮೇ ೧೯೮೩

ಶ್ರೀ ಅಂದಾನಪ್ಪನವರಿಗೆ ಶಾಬುದ್ದೀನ ಬರೆಯುವುದು.

ನಿಮ್ಮ ಪತ್ರ ಮುಟ್ಟಿತು. ಬೀರಲಿಂಗಪ್ಪ ಎಂಟು ದಿನದ ನಂತರ ಬಂದ. ಎಲ್ಲಿದ್ದೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಖಾಲಿ ಟೆಂಟಿನಲ್ಲಿ ಕುಳ್ಳಿರಿಸಿ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡ. ಎರಡನೆಯ ಸಲ, ಉಪಕಾರ ಆತ್ರಿ ಎಂದಲ್ಲಿ, ‘ಅದೊಂದ ಬಿಡ್ರಿ’ ಎಂದ.

ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ನನಗ ಅವರದೇನೂ ಬ್ಯಾಡ್ರಿ. ನಮ್ಮವ್ವಗ ಹೇಳಬೇಕು. ಪತ್ರಾ ಓದಿ ಹೇಳಿದ್ರ ಆಕಿ ನಂಬೂದಿಲ್ಲ. ಕಾಗದದಾಗ ಎಂಥಾದ್ದಿರತೈತಿ ಅಂತ ಆಕಿ ಒಮ್ಮೆ ನೋಡ್ಯಾಳ. ಅವರ ಬರ್ಲಿ. ನಮ್ಮ ಮನಿ ಮುಂದ ಹಗಲ ಹೊತ್ತನ್ಯಾಗ ನಿಂತು ಬಾಯ್ಲೆ ಹೇಳ್ಲಿ. ಮೈಕ್ ಬ್ಯಾಡ.’

ಮೇ ಇಪ್ಪತ್ತೆರಡು, ರವಿವಾರ. ಅವನು ಅಲ್ಲಿರುತ್ತಾನೆ. ನಾನು ಬರುವುದಿಲ್ಲ.

ಸಿನೆಮಾ ತೆಗೆದುಹಾಕಿದೆ. ಇನ್ನೂ ಓಡುತ್ತಿತ್ತು.

ಶಾಬುದ್ದೀನ


ಇಳಕಲ್ಲ, ೨೩ ಮೇ ೧೯೮೩

ಶಾಬುದ್ದೀನ ಸಾಹೇಬರಿಗೆ ಅಂದಾನಪ್ಪನ ನಮಸ್ಕಾರಗಳು.

ನಿನ್ನೆ ಶಿರೂರಿಗೆ ಹೋಗಿದ್ದೆ. ನಡೆದದ್ದು ನಿಮಗೆ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ಹನ್ನೊಂದರ ಸುಮಾರಿಗೆ ಬಸ್ಸಿಳಿದೆ. ಮಾಯವ್ವನವರ ಮನೆ ಕೇಳಿದರೆ ಒಬ್ಬರು ತೋರಿಸಿದರು. ಅವರು ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹಿರಿಯರಿದ್ದರು. ಬೀರಲಿಂಗಪ್ಪ ಎದುರಿಗೆ ಬೇವಿನ ಗಿಡದ ಹತ್ತಿರ, ನೆರಳು ಬಿಟ್ಟು ಬಿಸಿಲಿನಲ್ಲಿ ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

‘ಯಾರ ಪೈಕಿರಿ?’ ಎಂದು ಮಾಯವ್ವ ಕೇಳಿದರು.

‘ಯಾರ ಪೈಕಿನೂ ಅಲ್ಲವ್ವಾ. ನಿಮ್ಮ ಮಗನ ಹೆಸರು ಬರದ ಕಾರಕೂನ ನಾನು’ ಎಂದೆ.

ಅವರು ನೂಲುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಿದೆ. ಬಸ್ಸಿನಲ್ಲಿ ಬಹಳ ಮಾತು ಜೋಡಿಸಿಕೊಂಡಿದ್ದೆ, ಅಲ್ಲಿ ಅವು ಬರಲಿಲ್ಲ. ‘ಅವ ರೊಕ್ಕಕ್ಕ ಹೋಗಲಿಲ್ಲವ್ವಾ. ನಿಮ್ಮ ಉತಾರಕ್ಕ ಬಂದಿದ್ದ. ಉತಾರ ತಯಾರಿದ್ರೂ ಕೊಡಲಿಲ್ಲ, ಮೂರು ದಿನಾ ತಿರಗಿಸಿದೆ. ಸುಳ್ಳ ವಯಸ್ಸು, ಇಲ್ಲದ ಮಕ್ಕಳನ್ನ ಬರದು, ಹೆಬ್ಬೆಟ್ಟ ಒತ್ತಿಸಿಕೊಂಡು ಜೀಪ್ ಹತ್ತು ಅಂದವ ನಾನು. ಅಲ್ಲಿ ಏನ್ ಮಾಡ್ತಾರ ಅನ್ನೂದು ಅವಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು.’ ಇಷ್ಟೇ. ದವಾಖಾನೆಯ ಮಾತು ನಾಲಿಗೆಯವರೆಗೆ ಬಂತು, ಹೇಳಲಿಲ್ಲ.

ಪಕ್ಕದ ಕಟ್ಟೆಯ ಹಿರಿಯರೊಬ್ಬರು ‘ಏನಂದೀ ಮಗನ?’ ಎಂದು ಬಡಿಗೆ ಹಿಡಿದು ಎದ್ದರು. ಮಾಯವ್ವ ಕೈ ಎತ್ತಿ, ‘ಕುಂಡ್ರೋ ಗುರಪ್ಪಾ, ನನಗ ಹೇಳಾಕತ್ಯಾನ’ ಎಂದರು. ಆಮೇಲೆ ನನ್ನನ್ನು ಕೇಳಿದರು.

‘ವಯಸ್ಸ ಎಷ್ಟ ಬರದಿ?’

‘ಮೂವತ್ನಾಕು.’

‘ಮಕ್ಕಳು?’

‘ಎರಡು. ಒಂದು ಗಂಡು, ಒಂದು ಹೆಣ್ಣು.’

‘ಅವಕ್ಕ ಹೆಸರೇನ್ ಇಟ್ಟಿ?’

‘ಹೆಸರು ಬರಿಯೂ ಜಾಗಾ ಇರಲಿಲ್ಲವ್ವಾ’ ಎಂದೆ.

ಅವರ ಕೈ ಆಗ ನಿಂತಿತು. ಉಣ್ಣೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಬಯ್ಯಬಹುದು, ಹೊಡೆಸಬಹುದು ಎಂದುಕೊಂಡು ನಿಂತಿದ್ದೆ. ಅವರು ನನ್ನನ್ನು ದಾಟಿ ಆಚೆ ನೋಡಿದರು.

‘ಬೀರ್ಯಾ’ ಎಂದರು. ಮತ್ತೊಮ್ಮೆ ಕರೆದರು. ‘ಬೀರ್ಯಾ, ಬಿಸಲಾಗ ಯಾಕ ನಿಂತೀಯೋ. ಒಳಗ ಬಾ. ರೊಟ್ಟಿ ಬಡದೇನಿ.’

ಅವನು ತಕ್ಷಣ ಬರಲಿಲ್ಲ. ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ನಿಂತಿದ್ದ. ಆಮೇಲೆ ನನ್ನ ಪಕ್ಕದಿಂದಲೇ ಹಾದು ಹೋದ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಗೆ ಹೋದ. ಮಾಯವ್ವನೂ ಗೋಡೆ ಹಿಡಿದು ಎದ್ದು ಒಳಗೆ ಹೋದರು. ತಾಟು ಇಟ್ಟ ಸಪ್ಪಳ ಕೇಳಿಸಿತು. ಆಮೇಲೆ ಅವರಿಬ್ಬರೂ ಏನೋ ಮಾತಾಡುವುದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ತಿಳಿಯಬೇಕೆಂದು ನಿಲ್ಲಲೂ ಇಲ್ಲ.

ನನಗೆ ಯಾರೂ ಕುಳಿತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಟ್ಟೆಯ ಮೂಲೆಯಲ್ಲಿ ನೀರಿನ ಹರವಿ ಇತ್ತು, ಮೇಲೆ ತಂಬಿಗೆ ಇತ್ತು. ಬಾಯಿ ಒಣಗಿತ್ತು. ಕೇಳುವ ಮುಖವಿರಲಿಲ್ಲ. ರಸ್ತೆಗೆ ಬಂದು ನಿಂತೆ. ಬಸ್ಸು ಮೂರು ಗಂಟೆಗೆ ಬಂತು.

ಈ ಪತ್ರಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ. ಈ ವಾರ ಬೀರಲಿಂಗಪ್ಪ ಗೇಟಿಗೆ ಬರುವುದು ತಡವಾದರೆ ಅವನ ಮೇಲೆ ಸಿಟ್ಟಾಗಬೇಡಿ. ಇನ್ನು ನಾಲ್ಕು ದಿನ ಅಲ್ಲಿಯೇ ಇರಲಿ.

ಅಂದಾನಪ್ಪ